ಬೆಳಿಗ್ಗೆ ಹೋಗಿ ರಾತ್ರಿ ಬರುವ ರೈಲು



ಶಿವಮೊಗ್ಗದಿಂದ ಬೆಂಗಳೂರು ಎಷ್ಟು ದೂರ?

ರೈಲು ದಾರಿಯಲ್ಲಿ ಸುಮಾರು 275 ಕಿಲೋಮೀಟರ್. ಆದರೆ ಮಾತಾಡುವಾಗ ನಾವು ಹೀಗೆ ಹೇಳುತ್ತೇವಾ? ಇಲ್ಲ. "ಒಂದು ರಾತ್ರಿ ಪ್ರಯಾಣ ಕಣೇ" ಅಂತೀವಿ. "ಹೋಗಿ ಬರೋಕೆ ಎರಡು ದಿನ ಬೇಕು" ಅಂತೀವಿ. ದೂರವನ್ನು ನಾವು ಹೊತ್ತಿನಲ್ಲಿ ಅಳೆಯುತ್ತೇವೆ.

ಊರುಗಳು ಇದ್ದಲ್ಲೇ ಇವೆ. ಆದರೆ ಹೊತ್ತು ಬದಲಾಗಿದೆ. ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಈ ದಾರಿಗೆ ಹತ್ತು ದಿನ ಬೇಕಿತ್ತು. ಈಗ ವೇಗದ ರೈಲಿಗೆ ಐದು ಗಂಟೆ ಸಾಕು. ಹತ್ತು ದಿನದ ದಾರಿ ಐದು ಗಂಟೆಗೆ ಇಳಿದದ್ದು ಹೇಗೆ? ಅದರಿಂದ ನಮಗೆ ಏನು ಸಿಕ್ಕಿತು? ಬನ್ನಿ, ಓದೋಣ.

ಎತ್ತಿನ ಗಾಡಿಯ ಕಾಲ

ರೈಲು ಇಲ್ಲದಾಗ ಎತ್ತಿನ ಗಾಡಿಯೇ ಗತಿ. ಗಾಡಿ ದಿನಕ್ಕೆ 25–30 ಕಿಲೋಮೀಟರ್ ಹೋದರೆ ಹೆಚ್ಚು. ಎತ್ತು ದಣಿಯುತ್ತದೆ. ಅದಕ್ಕೆ ಮೇವು ಬೇಕು, ನೀರು ಬೇಕು. ಮಳೆಗಾಲದಲ್ಲಿ ಮಲೆನಾಡಿನ ದಾರಿಯೆಲ್ಲ ಕೆಸರು.

1876ರಿಂದ 1878ರ ತನಕ ಮೈಸೂರು ಸಂಸ್ಥಾನದಲ್ಲಿ ದೊಡ್ಡ ಬರ ಬಿತ್ತು. ಸುಮಾರು 10 ಲಕ್ಷ ಜನ ಸತ್ತರು. ಆಗ ಸಂಸ್ಥಾನಕ್ಕೆ ಮದ್ರಾಸಿನ ಕಡೆಯಿಂದ ಒಂದು ರೈಲು ದಾರಿ ಇತ್ತು. ಅದು ಬೆಂಗಳೂರಿಗೆ ಬಂದದ್ದು 1864ರಲ್ಲಿ. ಹೊರಗಿನಿಂದ ಧಾನ್ಯ ರೈಲಿನಲ್ಲಿ ಬೆಂಗಳೂರಿನ ತನಕ ಬಂತು. ಅಲ್ಲಿಂದ ಮುಂದೆ ಗಾಡಿಯಲ್ಲೇ ಹೋಗಬೇಕು. ಬರಗಾಲದಲ್ಲಿ ಎತ್ತಿಗೂ ಮೇವಿಲ್ಲ. ಗಾಡಿ ಎಳೆಯುವವರು ಯಾರು? ಧಾನ್ಯ ಒಂದು ಕಡೆ, ಹಸಿದವರು ಇನ್ನೊಂದು ಕಡೆ.

ಈ ಬರದಿಂದ ಒಂದು ಪಾಠ ಸಿಕ್ಕಿತು. ಬೆಳೆದ ಅನ್ನ ಹಸಿದವರ ಹತ್ತಿರ ಹೋಗಬೇಕಾದರೆ ದಾರಿ ಬೇಕು. ಬರದ ನಂತರ ಸಂಸ್ಥಾನದಲ್ಲಿ ರೈಲು ಹಾಕುವ ಕೆಲಸ ಚುರುಕಾಯಿತು.

ಶಿವಮೊಗ್ಗಕ್ಕೆ ರೈಲು ಬಂತು

1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. 1889ರಲ್ಲಿ ಆ ದಾರಿ ಹರಿಹರ ಮುಟ್ಟಿತು. ತಿಪಟೂರು, ಅರಸೀಕೆರೆ, ಕಡೂರು, ಬೀರೂರು ಇವೆಲ್ಲ ಈ ದಾರಿಯಲ್ಲಿ ಸಿಗುತ್ತವೆ.

ಬೀರೂರಿನಿಂದ ಒಂದು ಕವಲು ದಾರಿ ಹೊರಟಿತು. ತರೀಕೆರೆ, ಭದ್ರಾವತಿ ದಾಟಿ ಅದು ಶಿವಮೊಗ್ಗಕ್ಕೆ ಬಂತು. ಇದರ ಉದ್ದ ಸುಮಾರು 60 ಕಿಲೋಮೀಟರ್. ಆ ವರ್ಷ 1899. ಹೊಗೆ ಉಗುಳುತ್ತಾ ಬಂದ ಆ ಬಂಡಿಗೆ ಜನ 'ಹೊಗೆಬಂಡಿ' ಅಂದರು, 'ಉಗಿಬಂಡಿ' ಅಂದರು.

ಆ ಹಳಿ ಕಿರಿದು. ಎರಡು ಕಂಬಿಗಳ ನಡುವೆ ಒಂದು ಮೀಟರ್ ಜಾಗ ಮಾತ್ರ. ಅದಕ್ಕೇ 'ಮೀಟರ್ ಗೇಜ್' ಅಂತ ಹೆಸರು. ಕಿರಿದು ಹಾಕಿದ್ದು ಯಾಕೆ? ಖರ್ಚು ಕಡಿಮೆ ಅಂತ. ಕಿರಿದಾದ ಹಳಿಗೆ ಸಣ್ಣ ಸೇತುವೆ ಸಾಕು, ಹಗುರ ಬಂಡಿ ಸಾಕು. ಆದರೆ ವೇಗವೂ ಕಡಿಮೆ. ಸಪೂರ ಹಲಗೆಯ ಮೇಲೆ ಓಡುವುದಕ್ಕೂ ಅಗಲ ಹಲಗೆಯ ಮೇಲೆ ಓಡುವುದಕ್ಕೂ ವ್ಯತ್ಯಾಸ ಇಲ್ಲವೇ? ಹಾಗೆಯೇ ಇದು.

ಉಗಿಬಂಡಿಗೆ ಬೆಂಕಿ ಬೇಕು, ನೀರು ಬೇಕು. ದಾರಿಯಲ್ಲಿ ನಿಂತು ನಿಂತು ನೀರು ಕುಡಿಯುತ್ತಿತ್ತು. ಹಳಿ ಒಂದೇ ಇದ್ದರೆ ಇನ್ನೂ ಒಂದು ತೊಂದರೆ ಉಂಟು. ಎದುರಿನಿಂದ ಇನ್ನೊಂದು ರೈಲು ಬಂದರೆ ಒಂದು ರೈಲು ನಿಲ್ದಾಣದಲ್ಲಿ ಕಾಯಬೇಕು. ಇದಕ್ಕೆ 'ಕ್ರಾಸಿಂಗ್' ಅಂತಾರೆ. "ಕ್ರಾಸಿಂಗ್‌ಗೆ ನಿಂತಿದೆ" ಅನ್ನುವ ಮಾತು ಈ ದಾರಿಯಲ್ಲಿ ಓಡಾಡಿದ ಎಲ್ಲರಿಗೂ ಗೊತ್ತು.

ಭದ್ರಾವತಿಯ ಕಬ್ಬಿಣ

ಭದ್ರಾವತಿಗೆ ಹಿಂದೆ ಬೆಂಕಿಪುರ ಅಂತ ಹೆಸರಿತ್ತು. ಇಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟುವ ಕೆಲಸ 1918ರಲ್ಲಿ ಶುರುವಾಯಿತು. ಇದರ ಹಿಂದೆ ಇದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. 1912ರಿಂದ 1918ರ ತನಕ ಅವರು ಮೈಸೂರಿನ ದಿವಾನರಾಗಿದ್ದರು. 1923ರಲ್ಲಿ ಕುಲುಮೆಯಿಂದ ಕಬ್ಬಿಣ ಹೊರಬಂತು.

ಕಾರ್ಖಾನೆ ಇಲ್ಲೇ ಯಾಕೆ? ಕೆಮ್ಮಣ್ಣುಗುಂಡಿಯ ಬೆಟ್ಟದಲ್ಲಿ ಅದಿರು ಇತ್ತು. ಸುತ್ತಲ ಕಾಡಿನಲ್ಲಿ ಸೌದೆ ಇತ್ತು. ಸೌದೆಯಿಂದ ಮಾಡಿದ ಇದ್ದಲಿನಿಂದ ಕುಲುಮೆ ಉರಿಯುತ್ತಿತ್ತು. ಭದ್ರಾ ಹೊಳೆಯಲ್ಲಿ ನೀರು ಇತ್ತು. ಇವುಗಳ ಜೊತೆ ರೈಲು ದಾರಿಯೂ ಇತ್ತು. ಕಬ್ಬಿಣ ಭಾರ. ಅದನ್ನು ಗಾಡಿಯಲ್ಲಿ ಎಷ್ಟು ದೂರ ಸಾಗಿಸಲಾದೀತು? ರೈಲು ಇಲ್ಲದಿದ್ದರೆ ಮಾಲು ಊರು ದಾಟುತ್ತಿರಲಿಲ್ಲ.

ಕೆಲಸ ಹುಡುಕಿಕೊಂಡು ದೂರ ದೂರದ ಜನ ಇದೇ ರೈಲಿನಲ್ಲಿ ಭದ್ರಾವತಿಗೆ ಬಂದು ಇಳಿದರು. ಕನ್ನಡದವರು, ತಮಿಳಿನವರು, ತೆಲುಗಿನವರು, ಮಲೆಯಾಳದವರು ಬಂದರು. ಗಂಡನ ಹಿಂದೆ ಹೆಂಡತಿ ಬಂದಳು. ಮಗಳನ್ನು ಇಲ್ಲಿಗೆ ಕೊಟ್ಟವರು ಅವಳನ್ನು ನೋಡಲು ಬಂದರು. ಒಂದು ಸಣ್ಣ ಊರು ಹೀಗೆ ಕಾರ್ಖಾನೆಯ ಊರಾಯಿತು.

ರೈಲು ಶಿವಮೊಗ್ಗದಲ್ಲೇ ನಿಲ್ಲಲಿಲ್ಲ. 1930ರ ನಂತರದ ಹತ್ತು ವರ್ಷಗಳಲ್ಲಿ ಹಳಿ ಮುಂದೆ ಹೋಯಿತು. ಅರಸಾಳು, ಆನಂದಪುರ, ಸಾಗರ ದಾಟಿ ಜೋಗದ ಹತ್ತಿರದ ತಾಳಗುಪ್ಪ ಮುಟ್ಟಿತು. ಶಂಕರ್ ನಾಗ್ ಅವರು 'ಮಾಲ್ಗುಡಿ ಡೇಸ್' ಧಾರಾವಾಹಿಯ ರೈಲು ನಿಲ್ದಾಣದ ದೃಶ್ಯ ತೆಗೆದದ್ದು ಅರಸಾಳು ನಿಲ್ದಾಣದಲ್ಲಿ. 2020ರಿಂದ ಅಲ್ಲಿ ಒಂದು ವಸ್ತು ಸಂಗ್ರಹಾಲಯ ಇದೆ.

ಹಳಿ ಅಗಲವಾಯಿತು

ದೇಶದಲ್ಲಿ ಕೆಲವು ಕಡೆ ಕಿರಿದಾದ ಹಳಿ, ಕೆಲವು ಕಡೆ ಅಗಲ ಹಳಿ. ಒಂದರ ಬಂಡಿ ಇನ್ನೊಂದರ ಮೇಲೆ ಓಡದು. ಹಳಿ ಬದಲಾದ ಕಡೆ ಜನ ಇಳಿಯಬೇಕು. ಗಂಟು ಮೂಟೆ ಹೊತ್ತು, ಮಕ್ಕಳ ಕೈ ಹಿಡಿದು ಇನ್ನೊಂದು ರೈಲಿಗೆ ಓಡಬೇಕು. ಇದರ ಕಷ್ಟ ಹೆಂಗಸರಿಗೇ ಹೆಚ್ಚು ಗೊತ್ತು.

1992ರಿಂದ ದೇಶದಲ್ಲೆಲ್ಲ ಒಂದೇ ಅಗಲದ ಹಳಿ ಹಾಕುವ ದೊಡ್ಡ ಕೆಲಸ ಶುರುವಾಯಿತು. ಈ ಅಗಲ ಹಳಿಗೆ 'ಬ್ರಾಡ್ ಗೇಜ್' ಅಂತ ಹೆಸರು. ಕಂಬಿಗಳ ನಡುವೆ ಐದೂವರೆ ಅಡಿ ಜಾಗ. 1990ರ ದಶಕದಲ್ಲಿ ಬೆಂಗಳೂರು–ಹುಬ್ಬಳ್ಳಿ ದಾರಿ ಅಗಲವಾಯಿತು. ಬೀರೂರು–ಶಿವಮೊಗ್ಗ ದಾರಿಯೂ ಅಗಲವಾಯಿತು. ಉಗಿಬಂಡಿ ಹೋಗಿ ಡೀಸೆಲ್ ಬಂಡಿ ಬಂತು.

ತಾಳಗುಪ್ಪದ ದಾರಿ ಮಾತ್ರ ಇನ್ನೂ ಹಲವು ವರ್ಷ ಕಿರಿದಾಗಿಯೇ ಉಳಿಯಿತು. ಅದರ ಮೇಲೆ ಬಸ್ಸಿನ ಹಾಗೆ ಕಾಣುವ ಒಂದು ಸಣ್ಣ ಬಂಡಿ ಓಡುತ್ತಿತ್ತು. ಜನ ಅದಕ್ಕೆ 'ರೈಲ್ ಬಸ್' ಅನ್ನುತ್ತಿದ್ದರು. ನಂತರ ಆ ಹಳಿಯೂ ಅಗಲವಾಯಿತು. ಈಗ ಮೈಸೂರಿನಿಂದ ಹೊರಟ ರೈಲು ಶಿವಮೊಗ್ಗ ದಾಟಿ ತಾಳಗುಪ್ಪಕ್ಕೆ ನೇರ ಹೋಗುತ್ತದೆ. ಆ ದಾರಿಯ ಒಂದು ರೈಲಿಗೆ 2022ರಲ್ಲಿ 'ಕುವೆಂಪು ಎಕ್ಸ್‌ಪ್ರೆಸ್' ಅಂತ ಹೆಸರಿಟ್ಟರು. ಕುವೆಂಪು ಅವರು ನಮ್ಮದೇ ಜಿಲ್ಲೆಯ ಕುಪ್ಪಳಿಯವರು.

ಈಚಿನ ವರ್ಷಗಳಲ್ಲಿ ಈ ಹಳಿಯ ಮೇಲೆ ವಿದ್ಯುತ್ ತಂತಿಯೂ ಬಂದಿದೆ.

ಗಾಳಿ ಸೀಳುವ ಮೂಗು

ಟಿವಿಯಲ್ಲಿ ಮೂಗು ಚೂಪಾದ ರೈಲನ್ನು ನೀವು ನೋಡಿರಬಹುದು. ರೈಲಿಗೆ ಚೂಪು ಮೂಗು ಯಾಕೆ?

ಒಂದು ಮೊರ ತೆಗೆದುಕೊಳ್ಳಿ. ಗಾಳಿ ಬೀಸುವಾಗ ಅದನ್ನು ಎದೆಗೆ ಅಡ್ಡ ಹಿಡಿದು ಗಾಳಿಗೆ ಎದುರು ನಡೆಯಿರಿ. ಗಾಳಿ ಹಿಂದೆ ತಳ್ಳುತ್ತದೆ. ಈಗ ಮೊರದ ಅಂಚು ಮುಂದೆ ಬರುವ ಹಾಗೆ ಹಿಡಿಯಿರಿ. ನಡಿಗೆ ಸಲೀಸು. ಮೊರ ಅದೇ, ಗಾಳಿ ಅದೇ. ಹಿಡಿದ ರೀತಿ ಮಾತ್ರ ಬೇರೆ.

ರೈಲಿಗೂ ಹೀಗೆಯೇ. ಮುಖ ಚಪ್ಪಟೆಯಾಗಿದ್ದರೆ ಗಾಳಿ ತಡೆಯುತ್ತದೆ. ಮುಖ ಇಳಿಜಾರಾಗಿದ್ದರೆ ಗಾಳಿ ಪಕ್ಕಕ್ಕೆ ಜಾರುತ್ತದೆ. ನಿಧಾನ ಹೋಗುವ ರೈಲಿಗೆ ಇದು ಅಷ್ಟು ಮುಖ್ಯ ಅಲ್ಲ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಆದ್ದರಿಂದ ತುಂಬಾ ವೇಗದ ರೈಲಿಗೆ ಚೂಪು ಮೂಗು ಬೇಕೇ ಬೇಕು. ಮೀನು ನೀರನ್ನು ಸೀಳುವ ಹಾಗೆ ಅದು ಗಾಳಿಯನ್ನು ಸೀಳುತ್ತದೆ.

1934ರಲ್ಲಿ ಅಮೆರಿಕದಲ್ಲಿ ಇಂಥ ಒಂದು ರೈಲು ಓಡಿತು. ಅದರ ಹೆಸರು 'ಜೆಫಿರ್'. ಹಾಗಂದರೆ ಪಡುವಣ ಗಾಳಿ. ನಮ್ಮ ಅಡುಗೆಮನೆಯ ಲೋಟದ ಹಾಗೆ ಅದರ ಮೈ ಹೊಳೆಯುವ ಸ್ಟೀಲು. ಗಟ್ಟಿ, ಆದರೂ ಹಗುರ. ಡೆನ್ವರ್ ಎಂಬ ಊರಿನಿಂದ ಶಿಕಾಗೋ ಎಂಬ ಊರಿಗೆ 1,600 ಕಿಲೋಮೀಟರಿಗೂ ಹೆಚ್ಚು ದೂರ. ಅದನ್ನು ಸುಮಾರು 13 ಗಂಟೆಯಲ್ಲಿ ಓಡಿ ಮುಗಿಸಿತು. ಆಗಿನ ಕಾಲಕ್ಕೆ ಅದು ದೊಡ್ಡ ಸುದ್ದಿ.

1964ರಲ್ಲಿ ಜಪಾನ್ ದೇಶದಲ್ಲಿ ಇನ್ನೂ ವೇಗದ ರೈಲು ಬಂತು. ಅಲ್ಲಿ ಸುರಂಗಗಳು ಬಹಳ. ರೈಲುಗಳ ವೇಗ ಹೆಚ್ಚಿದ ಹಾಗೆ, ಸುರಂಗದಿಂದ ಹೊರಬರುವಾಗ ಢಮ್ ಎಂದು ಸದ್ದು ಬರತೊಡಗಿತು. ಅಕ್ಕಪಕ್ಕದವರಿಗೆ ನಿದ್ದೆ ಇಲ್ಲ. ಆಗ ಒಬ್ಬ ಎಂಜಿನಿಯರರು ಮಿಂಚುಳ್ಳಿಯನ್ನು ನೆನೆದರು. ಮಿಂಚುಳ್ಳಿ ನಮ್ಮ ತುಂಗಾ ಹೊಳೆಯ ದಡದಲ್ಲೂ ಕಾಣುತ್ತದೆ. ಮೀನು ಹಿಡಿಯಲು ಅದು ನೀರಿಗೆ ಬಿದ್ದರೂ ನೀರು ಹೆಚ್ಚು ಚಿಮ್ಮುವುದಿಲ್ಲ. ಕಾರಣ ಅದರ ಉದ್ದ ಚೂಪು ಕೊಕ್ಕು. 1997ರಲ್ಲಿ ಓಡಲು ಶುರುವಾದ ಒಂದು ರೈಲಿಗೆ ಅದೇ ರೀತಿಯ ಮೂಗು ಮಾಡಿದರು. ಸದ್ದು ಕಡಿಮೆಯಾಯಿತು.

ನಮ್ಮ ದೇಶದಲ್ಲಿ 'ವಂದೇ ಭಾರತ್' ರೈಲಿಗೆ ಇಂಥ ಮೂಗು ಇದೆ. ಅದನ್ನು ಮೊದಲು ತಯಾರಿಸಿದ್ದು ಚೆನ್ನೈನ ಕಾರ್ಖಾನೆಯಲ್ಲಿ. 2019ರ ಫೆಬ್ರವರಿಯಲ್ಲಿ ಅದು ದೆಹಲಿ ಮತ್ತು ವಾರಾಣಸಿ ನಡುವೆ ಓಡಲು ಶುರುವಾಯಿತು. ಅದಕ್ಕೆ ಬೇರೆ ಎಂಜಿನ್ ಇಲ್ಲ. ಎಳೆಯುವ ಯಂತ್ರಗಳು ಬೋಗಿಗಳ ಕೆಳಗೇ ಇವೆ. 2022ರ ನವೆಂಬರಿನಲ್ಲಿ ಅದು ಮೈಸೂರು, ಬೆಂಗಳೂರಿಗೆ ಬಂತು. 2023ರ ಜೂನ್‌ನಲ್ಲಿ ಬೆಂಗಳೂರು–ಧಾರವಾಡ ದಾರಿಗೂ ಬಂತು. ಆ ರೈಲು ಬೀರೂರಿನ ಮೇಲೆಯೇ ಹಾದು ಹೋಗುತ್ತದೆ. ಆದರೆ ನಮ್ಮ ಕವಲು ದಾರಿಗೆ ತಿರುಗುವುದಿಲ್ಲ.

ನಮ್ಮೂರ ವೇಗದ ರೈಲು

ಹಾಗಾದರೆ ನಮ್ಮೂರಿಗೆ ವೇಗದ ರೈಲು ಇಲ್ಲವೇ? ಇದೆ. ಅದರ ಹೆಸರು 'ಜನ ಶತಾಬ್ದಿ'.

ಶತಾಬ್ದಿ ಅಂದರೆ ನೂರು ವರ್ಷ. ಜವಾಹರಲಾಲ್ ನೆಹರೂ ಅವರು ಹುಟ್ಟಿ ನೂರು ವರ್ಷ ತುಂಬುವ ನೆನಪಿಗೆ 1988ರಲ್ಲಿ 'ಶತಾಬ್ದಿ' ರೈಲು ಶುರು ಮಾಡಿದರು. ಅದು ಹಗಲು ಓಡುವ ವೇಗದ ರೈಲು. ಒಳಗೆಲ್ಲ ತಂಪು, ಟಿಕೆಟ್ ದುಬಾರಿ. ಸಾಮಾನ್ಯ ಜನಕ್ಕೂ ಅಂಥ ರೈಲು ಬೇಕು ಅಂತ 2002ರಲ್ಲಿ 'ಜನ ಶತಾಬ್ದಿ' ಬಂತು. ಇದರಲ್ಲಿ ತಂಪು ಬೋಗಿಯೂ ಇದೆ, ಫ್ಯಾನಿನ ಬೋಗಿಯೂ ಇದೆ. ಫ್ಯಾನಿನ ಬೋಗಿಗೆ ಟಿಕೆಟ್ ಕಡಿಮೆ.

2019ರಲ್ಲಿ ಶಿವಮೊಗ್ಗ–ಬೆಂಗಳೂರು ನಡುವೆ ಜನ ಶತಾಬ್ದಿ ಓಡತೊಡಗಿತು. ಬೆಳಗಿನ ಜಾವ ಶಿವಮೊಗ್ಗ ಟೌನ್ ಬಿಡುತ್ತದೆ. ಭದ್ರಾವತಿ, ಬೀರೂರು, ಕಡೂರು, ಅರಸೀಕೆರೆ, ತಿಪಟೂರು, ತುಮಕೂರಿನಂಥ ಊರುಗಳಲ್ಲಿ ನಿಲ್ಲುತ್ತದೆ. ಐದು ಗಂಟೆಯೊಳಗೆ ಬೆಂಗಳೂರು. ಸಂಜೆ ಅಲ್ಲಿಂದ ಹೊರಟು ರಾತ್ರಿ ಊರಿಗೆ ವಾಪಸ್ಸು.

ಇದರ ಮೂಗು ಚೂಪಲ್ಲ. ಆದರೂ ಬೇಗ ಹೋಗುತ್ತದೆ. ಹೇಗೆ? ಹಳಿ ಅಗಲ. ನಿಲ್ಲುವುದು ಕಡಿಮೆ. ಇದು ಸಾಗಲು ಬೇರೆ ರೈಲುಗಳು ದಾರಿ ಬಿಡುತ್ತವೆ. ರೈಲಿನ ವೇಗ ಮೂಗಿನಲ್ಲಿ ಮಾತ್ರ ಇಲ್ಲ. ಅದರ ಹಾದಿಯಲ್ಲೂ ಇದೆ.

ಬೆಳಿಗ್ಗೆ ಹೋಗಿ ರಾತ್ರಿ ಬರುವುದು ಹೆಂಗಸರಿಗೆ ಎಷ್ಟು ಮುಖ್ಯ ಯೋಚಿಸಿ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಬೇಕು. ಅಲ್ಲಿ ತಂಗಲು ನೆಂಟರಿಲ್ಲ. ಲಾಡ್ಜಿಗೆ ದುಡ್ಡಿಲ್ಲ. ಮನೆಯಲ್ಲಿ ಹಾಲು ಕರೆಯುವ ಹಸು ಇದೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ. "ಎರಡು ದಿನ ಮನೆ ಬಿಟ್ಟು ಹೇಗೆ ಹೋಗ್ಲಿ?" ಅಂತ ಎಷ್ಟೋ ಅಕ್ಕಂದಿರು ಕಾಯಿಲೆಯನ್ನೇ ಮುಚ್ಚಿಡುತ್ತಾರೆ. ಒಂದೇ ದಿನದಲ್ಲಿ ಹೋಗಿ ಬರಬಹುದು ಅಂದರೆ ಹೊರಡುವ ಧೈರ್ಯ ಬರುತ್ತದೆ. ಮಗಳ ಕೆಲಸದ ಸಂದರ್ಶನಕ್ಕೂ ಅಷ್ಟೇ. ಕಚೇರಿಯ ಕೆಲಸಕ್ಕೂ ಅಷ್ಟೇ.

ಬೇಗ ಹೋಗಬೇಕಾದರೆ ಕಡಿಮೆ ನಿಲ್ಲಬೇಕು

ವೇಗಕ್ಕೆ ಒಂದು ಬೆಲೆಯೂ ಇದೆ. ರೈಲು ಒಂದು ಕಡೆ ನಿಲ್ಲಬೇಕಾದರೆ ಮೊದಲೇ ವೇಗ ತಗ್ಗಿಸಬೇಕು. ನಿಲ್ಲಬೇಕು. ಮತ್ತೆ ಮೆಲ್ಲಗೆ ವೇಗ ಏರಿಸಬೇಕು. ಎರಡೇ ನಿಮಿಷ ನಿಂತರೂ ಒಟ್ಟು ಐದಾರು ನಿಮಿಷ ಹೋಗುತ್ತದೆ. ಹತ್ತು ಕಡೆ ನಿಂತರೆ ಒಂದು ಗಂಟೆಯೇ ಹೋಯಿತು.

ಆದ್ದರಿಂದ ವೇಗದ ರೈಲು ಸಣ್ಣ ಊರುಗಳಲ್ಲಿ ನಿಲ್ಲುವುದಿಲ್ಲ. ತರೀಕೆರೆ ಮತ್ತು ಭದ್ರಾವತಿ ನಡುವೆ ಮಸರಹಳ್ಳಿ ಇದೆ. ಭದ್ರಾವತಿ ಮತ್ತು ಶಿವಮೊಗ್ಗ ನಡುವೆ ಬಿದರೆ ಇದೆ. ಇಂಥ ಊರಿನವರಿಗೆ ಎಲ್ಲ ಕಡೆ ನಿಲ್ಲುವ ಪ್ಯಾಸೆಂಜರ್ ರೈಲೇ ಬೇಕು. ಅದು ನಿಧಾನ, ಆದರೆ ಟಿಕೆಟ್ ಅಗ್ಗ. ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಪೇಟೆಗೆ ಹೋಗುವವರಿಗೆ, ಹತ್ತಿರದ ಊರಿನ ಕೆಲಸಕ್ಕೆ ಹೋಗುವವರಿಗೆ ಅದೇ ಆಧಾರ.

ಜನ ಶತಾಬ್ದಿಯಲ್ಲಿ ಮೊದಲೇ ಜಾಗ ಕಾದಿರಿಸಬೇಕು. ನಿಲ್ದಾಣಕ್ಕೆ ಬಂದು ಆಗಿಂದಾಗ ಹತ್ತುವ ಸಾಮಾನ್ಯ ಬೋಗಿ ಅದರಲ್ಲಿ ಇಲ್ಲ. ಹಾಗಾಗಿ ಒಂದೇ ಬಗೆಯ ರೈಲು ಸಾಲದು. ದೂರ ಹೋಗುವವರಿಗೆ ವೇಗದ ರೈಲು ಬೇಕು. ಹತ್ತಿರ ಹೋಗುವವರಿಗೆ ನಿಂತು ಹೋಗುವ ರೈಲು ಬೇಕು. ಎರಡೂ ನಮ್ಮ ರೈಲೇ. ಯಾವುದು ಕಡಿಮೆಯಾದರೂ ಕೇಳುವ ಹಕ್ಕು ನಮಗಿದೆ. ಹೊಸ ನಿಲುಗಡೆ ಬೇಕಾದರೂ ಊರಿನವರು ಸೇರಿ ರೈಲ್ವೆಗೆ ಅರ್ಜಿ ಬರೆಯಬಹುದು. ಈಗ ನಿಮಗೆ ಬರೆಯಲು ಬರುತ್ತದಲ್ಲ!

ಓದು ಬಂದರೆ ರೈಲು ಸುಲಭ

ಓದು ಬಾರದಾಗ ಯಾರನ್ನಾದರೂ ಕೇಳಬೇಕಿತ್ತು. "ಅಣ್ಣಾ, ಇದು ಯಾವ ರೈಲು? ಇದು ಯಾವ ಊರು?" ಈಗ ನೀವೇ ನೋಡಿ.

ನಿಲ್ದಾಣದ ಫಲಕ: ಊರಿನ ಹೆಸರು ಕನ್ನಡದಲ್ಲೂ ಇರುತ್ತದೆ. ಶಿವಮೊಗ್ಗದಲ್ಲಿ ಎರಡು ನಿಲ್ದಾಣ ಇವೆ. ಒಂದು 'ಶಿವಮೊಗ್ಗ', ಇನ್ನೊಂದು 'ಶಿವಮೊಗ್ಗ ಟೌನ್'. ನಿಮ್ಮ ಟಿಕೆಟ್ ಯಾವುದಕ್ಕೆ ಇದೆ, ನೋಡಿಕೊಳ್ಳಿ.

ರೈಲಿನ ಸಂಖ್ಯೆ: ಪ್ರತಿ ರೈಲಿಗೂ ಐದು ಅಂಕಿಯ ಸಂಖ್ಯೆ ಇರುತ್ತದೆ. ಹೆಸರು ಓದಲು ಕಷ್ಟವಾದರೆ ಅಂಕಿ ನೋಡಿ. ಟಿಕೆಟ್ಟಿನ ಸಂಖ್ಯೆ ಮತ್ತು ರೈಲಿನ ಸಂಖ್ಯೆ ಒಂದೇ ಇರಬೇಕು.

ತಾರೀಖು: ರಾತ್ರಿ 12 ಗಂಟೆ ದಾಟಿದರೆ ತಾರೀಖು ಬದಲಾಗುತ್ತದೆ. ಇದರಲ್ಲಿ ತಪ್ಪುವವರು ಬಹಳ.

ಬೋಗಿ ಮತ್ತು ಸೀಟು: ಕಾದಿರಿಸಿದ ಟಿಕೆಟ್ಟಿನಲ್ಲಿ ಬೋಗಿಯ ಗುರುತು, ಸೀಟಿನ ಅಂಕಿ ಇರುತ್ತವೆ. ಅದು ನಿಮ್ಮ ಜಾಗ. ಬೇರೆಯವರು ಕೂತಿದ್ದರೆ ಟಿಕೆಟ್ ತೋರಿಸಿ ಕೇಳಿ.

ಪಿಎನ್‌ಆರ್ ಸಂಖ್ಯೆ: ಇದು ಹತ್ತು ಅಂಕಿಯದು. ಜಾಗ ಸಿಕ್ಕಿದೆಯೋ ಇಲ್ಲವೋ ಎಂದು ಇದರಿಂದ ತಿಳಿಯುತ್ತದೆ.

ರೈಲಿನ ಸಮಯ ಆಗಾಗ ಬದಲಾಗುತ್ತದೆ. ಹೊರಡುವ ಮೊದಲು ವಿಚಾರಿಸಿ. 139 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಮಾಹಿತಿ ಸಿಗುತ್ತದೆ. ರೈಲಿನಲ್ಲಿ ಯಾರಾದರೂ ಕಾಟ ಕೊಟ್ಟರೂ, ಕಾಯಿಲೆಯಾದರೂ ಇದೇ 139ಕ್ಕೆ ಫೋನ್ ಮಾಡಿ. ಸಂಕೋಚ ಬೇಡ.

ಐದು ವರ್ಷದ ಒಳಗಿನ ಮಗುವಿಗೆ ಬೇರೆ ಸೀಟು ಬೇಡವಾದರೆ ಟಿಕೆಟ್ ಬೇಕಿಲ್ಲ.

ರೈಲು ನಿಲ್ಲಿಸುವ ಸರಪಳಿಯನ್ನು ನಿಜವಾದ ಅಪಾಯ ಇದ್ದಾಗ ಮಾತ್ರ ಎಳೆಯಿರಿ. ಸುಮ್ಮನೆ ಎಳೆದರೆ 1,000 ರೂಪಾಯಿ ತನಕ ದಂಡ, ಒಂದು ವರ್ಷದ ತನಕ ಜೈಲು, ಅಥವಾ ಎರಡೂ ಆಗಬಹುದು.

ಹೊರಟ ರೈಲನ್ನು ಓಡಿ ಹತ್ತಬೇಡಿ. ಹಳಿ ದಾಟಬೇಡಿ, ಮೇಲ್ಸೇತುವೆ ಹತ್ತಿ ಹೋಗಿ. ವೇಗದ ರೈಲು ದೂರದಲ್ಲಿ ಕಂಡರೂ ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಿರ ಬರುತ್ತದೆ. ವಿದ್ಯುತ್ ರೈಲಿಗೆ ಹಳೆಯ ಉಗಿಬಂಡಿಯಷ್ಟು ಸದ್ದೂ ಇಲ್ಲ.

ಕೊನೆಯ ಮಾತು

ಬರಗಾಲದಲ್ಲಿ ಅನ್ನ ಹಸಿದವರ ಹತ್ತಿರ ಬರಲಿಲ್ಲ, ದಾರಿ ಇರಲಿಲ್ಲ. ಆಮೇಲೆ ದಾರಿ ಬಂತು. ಹಳಿ ಅಗಲವಾಯಿತು. ಬಂಡಿ ಬದಲಾಯಿತು. ವೇಗ ಹೆಚ್ಚಿತು. ಇದಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಮಣ್ಣು ಹೊತ್ತವರು, ಕಲ್ಲು ಒಡೆದವರು, ಕಂಬಿ ಹಾಸಿದವರು ಎಷ್ಟೋ ಜನ. ಅವರಲ್ಲಿ ಹೆಂಗಸರೂ ಇದ್ದರು.

ರೈಲು ಎಷ್ಟು ವೇಗ ಹೋದರೂ, ಹತ್ತಿದವರಿಗೆ ಮಾತ್ರ ಅದರ ಲಾಭ. ಹತ್ತಲು ದುಡ್ಡು ಬೇಕು, ಧೈರ್ಯ ಬೇಕು, ಓದೂ ಬೇಕು. ಓದನ್ನು ನೀವು ಈಗಾಗಲೇ ಕಲಿತಿದ್ದೀರಿ. ಧೈರ್ಯ ಅದರ ಹಿಂದೆಯೇ ಬರುತ್ತದೆ.

ಹೇಳಿ ನೋಡೋಣ

1. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಯಾವ ವರ್ಷ ಬಂತು?
2. ಭದ್ರಾವತಿಯ ಹಳೆಯ ಹೆಸರು ಏನು?
3. ವೇಗದ ರೈಲಿನ ಮೂಗು ಚೂಪಾಗಿರುವುದು ಯಾಕೆ? ಮೊರ ಹಿಡಿದು ತೋರಿಸಿ.
4. ರೈಲಿನಲ್ಲಿ ತೊಂದರೆಯಾದರೆ ಯಾವ ಸಂಖ್ಯೆಗೆ ಫೋನ್ ಮಾಡಬೇಕು?

ಸೇರಿ ಮಾತಾಡಿ

ನಿಮ್ಮ ಊರಿಗೆ ಹತ್ತಿರದ ರೈಲು ನಿಲ್ದಾಣ ಯಾವುದು? ಅಲ್ಲಿ ಯಾವ ರೈಲು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ? ಹೆಂಗಸರಿಗೆ ಶೌಚಾಲಯ, ಕುಡಿಯುವ ನೀರು, ದೀಪ ಇವೆಯೇ? ಇಲ್ಲದಿದ್ದರೆ ಎಲ್ಲರೂ ಸೇರಿ ಸ್ಟೇಷನ್ ಮಾಸ್ಟರರಿಗೆ ಒಂದು ಅರ್ಜಿ ಬರೆಯಿರಿ. ಕೆಳಗೆ ನಿಮ್ಮ ನಿಮ್ಮ ಸಹಿ ಹಾಕಿ.